ಕಾಕಾ ಒಪ್ಪಿಕೊಂಡ ತಪ್ಪು

ಹೋದ ವಾರ ಹುಕ್ಕೇರಿ ಬಸ್ಸಿನಲ್ಲಿ ಪಕ್ಕದವಳ ಚೀಲದಿಂದ ಕಳಿತ ಬಾಳೆಹಣ್ಣಿನ ವಾಸನೆ ಬಂತು. ನನಗೇ ತಿಳಿಯದೆ ಕುತ್ತಿಗೆಗೆ ಕೈ ಅಡ್ಡ ಹಿಡಿದೆ...

ಅರಭಾವಿಯಲ್ಲಿ ತೋಟಗಾರಿಕೆ ಓದುತ್ತಿದ್ದಾಗ, ಒಂದು ಪೆಟ್ಟಿಗೆಯ ಜೇನುಹುಳಗಳ ಸ್ವಭಾವ ಬರೆದು ತರಲು ನಮ್ಮ ಸರ್ ನನ್ನನ್ನು ಮಮದಾಪುರಕ್ಕೆ, ಜೇನು ಸಾಕುವ ಕಾಕಾರ ಹೊಲಕ್ಕೆ ಕಳಿಸಿದ್ದರು. ಕಾಕಾ ಟೋಪಿ ಹಾಕಿದ್ದರು ಎಂದು ಬರೆಯಹೊರಟೆ; ಟವೆಲ್ ಸುತ್ತಿದ್ದರೇನೋ. ನೆನಪು ಖಾಲಿ ಕಂಡಲ್ಲೆಲ್ಲ ಏನನ್ನಾದರೂ ತುಂಬುತ್ತದೆ, ಅದನ್ನು ನಾನು ನಂಬುವುದಿಲ್ಲ. ಕುತ್ತಿಗೆಯ ಬಾವುಗಳನ್ನು ಮಾತ್ರ ನಂಬುತ್ತೇನೆ. ಮುಚ್ಚಳ ತೆಗೆದೊಡನೆ ಒಂದು ಹುಳ ಕಚ್ಚಿತು, ಅದರ ಹಿಂದೆ ಹತ್ತಾರು.

ಎರಡು ಸಲ ಹೀಗೇ ಆಯಿತು. ಈ ಸಿಟ್ಟು ಇವುಗಳ ತಾಯಿ ರಾಣಿಹುಳದಿಂದಲೇ ಬಂದದ್ದು ಎಂದು ಬರೆದುಕೊಟ್ಟೆ. ಹಾಗಿದ್ದರೆ ಆ ರಾಣಿಯನ್ನು ಕೊಂದು ಬೇರೆಯದನ್ನು ಇಡಬೇಕು ಎಂದರು ಸರ್. ಮರುದಿನ ಅವರೇ ಬರುವವರಿದ್ದರು.

ಅವರು ಬರುವ ಮುಂಚೆ ಕಾಕಾ ನನ್ನ ಬೆರಳು ಮೂಸಿ ನೋಡಿದರು. "ಯವ್ವಾ, ಏನ್ ತಿಂದ ಬರ್ತಿ?"

ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಎರಡು ಬಾಳೆಹಣ್ಣು, ಅದೇ ನನ್ನ ನಾಷ್ಟಾ. ಹುಳ ಕಚ್ಚಿದಾಗ ಅದರ ಕೊಂಡಿಯಿಂದ ಏಳುವ ವಾಸನೆಯೂ ಹಾಗೇ ಇರುತ್ತದೆ, ಉಳಿದವಕ್ಕೆ ಅದೇ ಕರೆ ಎಂದು ಕಾಕಾ ತಿಳಿಸಿ ಹೇಳಿದರು.

"ವೈರಿ ಬಂದಾನಂತ ನೀನ ಡಂಗುರಾ ಸಾರಿದಿ. ಅದರ ಮ್ಯಾಲ ಸೂರ್ಯಕಾಂತಿ ಕೊಯ್ದಾರ, ಹೊಲದಾಗ ಹೂವಿಲ್ಲ. ಇದ್ದಷ್ಟ ಜೇನತುಪ್ಪಾ ಕಾಯ್ಕೊಂಡ ಕುಂತಾವ. ರಾಣಿ ಏನ್ ಮಾಡ್ಯಾಳ?"

ಕೈ ತೊಳೆಯದೆ ಪೆಟ್ಟಿಗೆ ಮುಟ್ಟಿದವರನ್ನು ಸರ್ ಆ ಕೆಲಸದಿಂದಲೇ ತೆಗೆಯುತ್ತಿದ್ದರು. ಆದರೆ ನಾನು ಬಾಯಿಬಿಡದಿದ್ದರೆ ರಾಣಿ ಸಾಯುತ್ತಿತ್ತು. ಸರ್ ಬಂದರು. ನಾನು ಬಾಯಿಬಿಡಲಿಲ್ಲ.

"ತಪ್ಪ ನಂದ್ರಿ ಸರ," ಎಂದರು ಕಾಕಾ. "ಹೊಗಿ ಹಾಕೂದ ಮರತ ಮುಚ್ಚಳ ತಗದೆ."

ಸರ್ ನನ್ನೆದುರೇ ಅವರನ್ನು ಬೈದರು. ನಾನು ಕೈ ತೊಳೆದು ಬಂದೆ, ಕಾಕಾ ಹೊಗೆ ಹಾಕಿದರು. ಹುಳಗಳು ನನ್ನ ಬೆರಳ ಮೇಲೆ ಸುಮ್ಮನೆ ನಡೆದಾಡಿದವು. ನೀರಿನಿಂದಲೋ ಹೊಗೆಯಿಂದಲೋ, ಯಾವುದರಿಂದ ತಣ್ಣಗಾದವೋ... ಇವತ್ತಿಗೂ ಖಚಿತವಿಲ್ಲ. ರಾಣಿ ಉಳಿಯಿತು. ನನ್ನ ಕೆಲಸವೂ ಉಳಿಯಿತು.

ಕಾಕಾ ತೀರಿಕೊಂಡು ಎರಡು ವರ್ಷ. ಈ ಭಾನುವಾರ ಮೂಡಲಗಿಯಲ್ಲಿರುವ ಅವರ ಮಗಳ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಹೊಗಿ ಮರತ ಮುದುಕಾ ಅಂತ ಮನ್ಯಾಗ ಎಲ್ಲಾರೂ ಅಪ್ಪನ್ನ ಕಾಡತಿದ್ವಿರಿ. ಸುಮ್ನ ನಗತಿದ್ದ. ಈಗ ಯಾರ ಮುಂದ ಆ ಮಾತ ವಾಪಸ್ ತಗೋಬೇಕ್ರಿ, ಅಕ್ಕಾರ?"