ತಿರುಪಿನ ಮೇಲಿನ ಕೆಂಪು ಗೆರೆ

ಬಂದೂಕು ರಿಪೇರಿಯವನಿಗೆ ಕ್ಲಬ್ಬಿನವರು ಇಟ್ಟ ಹೆಸರು ಮುಟ್ಬೇಡಪ್ಪ. ಗುರಿ ಸ್ಪರ್ಧೆಯ ರೈಫಲ್ ಯಾರ ಕೈಯಲ್ಲಿ ಕಂಡರೂ ಅವನ ಬಾಯಿಂದ ಮೊದಲು ಬರುತ್ತಿದ್ದ ಮಾತೇ ಅದು. ಸುಮ್ಮನೆ ಹೇಳುತ್ತಿರಲಿಲ್ಲ ಪುಣ್ಯಾತ್ಮ. ಗಾಜಿನ ನಾರು ಕಲಸಿದ ಅಂಟನ್ನು ಮರದ ಹಿಡಿಯೊಳಗೆ ಸುರಿದು, ಅದು ಕಲ್ಲಾಗುವ ಮುಂಚೆ ನಳಿಗೆಯ ಬುಡದ ಕಬ್ಬಿಣವನ್ನು ಕೂರಿಸಿದರೆ, ಆ ಕಬ್ಬಿಣಕ್ಕೇ ಅಳತೆ ಕೊಟ್ಟು ಮಾಡಿಸಿದಂಥ ಹಾಸಿಗೆಯಾಗುತ್ತದೆ. ಅದರಲ್ಲಿ ಕೂದಲೆಳೆಯಷ್ಟು ಕದಲಿದರೂ ಗುಂಡು ಎಲ್ಲಿಗೋ ಹೋಗುತ್ತದೆ. ಹಾಗಾಗಿ ಅವನ ಕಟ್ಟಪ್ಪಣೆ: ನಳಿಗೆ ಒರೆಸಿ, ಮರಕ್ಕೆ ಕಬ್ಬಿಣವನ್ನು ಬಿಗಿದ ತಿರುಪು ಬಿಚ್ಚಬೇಡಿ. ಎಣ್ಣೆ ಒಂದು ಹನಿ ಸಾಕು. ಒರೆಸಿದ ಮೇಲೆ ಮೂತಿ ಕೆಳಗಾಗಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಕೆಳಗಿಳಿದು ಹಾಸಿಗೆಯನ್ನೇ ತಿಂದುಹಾಕುತ್ತದೆ.

ತಿರುಪು ಬಿಗಿದಾದ ಮೇಲೆ ಅದರ ತಲೆಯಿಂದ ಪಕ್ಕದ ಕಬ್ಬಿಣಕ್ಕೆ, ಹೆಂಡತಿಯ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಯಾರಾದರೂ ಬಿಚ್ಚಿದರೆ ಗೆರೆ ಒಡೆದು ಗುಟ್ಟು ರಟ್ಟಾಗುತ್ತಿತ್ತು. "ನನ್ನ ಉಗುರಿಗಿಂತ ನಿಮ್ಮ ತಿರುಪಿಗೇ ಶೃಂಗಾರ ಜಾಸ್ತಿ" ಎಂದು ಅವಳು ಛೇಡಿಸುತ್ತಿದ್ದಳು.

ಅವತ್ತು ಮಧ್ಯಾಹ್ನ ಮಗಳು ಅಭ್ಯಾಸ ಮುಗಿಸಿ ಬಂದವಳೇ ರೈಫಲ್ ಇಳಿಸಿ, ಗುರಿಹಾಳೆಯನ್ನು ಅವನ ರಿಪೇರಿ ಮೇಜಿನ ಮೇಲೆ ಹರಡಿದಳು. ಮರುದಿನ ಕಿರಿಯರ ತಂಡದ ಆಯ್ಕೆ, ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ಹಾಳೆಯಲ್ಲಿ ತೂತುಗಳು ದಿಕ್ಕಾಪಾಲಾಗಿ ಬಿದ್ದಿದ್ದವು.

"ನನ್ನ ಕೈ ಸರಿಯಾಗೇ ಇದೆ ಅಪ್ಪ. ರೈಫಲ್ಲೇ ಕೈಕೊಡ್ತಿದೆ."

ಅವನು ರೈಫಲ್ ಎತ್ತಿಕೊಂಡು, ಮರವೂ ಕಬ್ಬಿಣವೂ ಕೂಡುವ ಅಂಚಿನಲ್ಲಿ ಬೆರಳಾಡಿಸಿದ. ಬೆರಳಿಗೆ ಎಣ್ಣೆ ಮೆತ್ತಿಕೊಂಡಿತು, ಒತ್ತಿದರೆ ಕಬ್ಬಿಣ ತುಸು ಕದಲಿತು. ಅವನ ಪಿತ್ತ ನೆತ್ತಿಗೇರಿತು.

"ಯಾರು ಇದನ್ನ ಬಿಚ್ಚಿದ್ದು? ಎಣ್ಣೆ ಸುರಿದು ಮೂತಿ ಮೇಲೆ ಮಾಡಿ ನಿಲ್ಸಿದ್ದಾರೆ. ನಿನಗೇನು ತಲೆ ಕೆಟ್ಟಿದೆಯಾ?"

"ನಾನು ಮುಟ್ಟಿಲ್ಲ. ರೈಫಲ್ ಇಡೋ ಕಪಾಟಿನ ಬೀಗದ ಕೈ ಇರೋದು ನಿನ್ನ ಹತ್ರ ಮಾತ್ರ ಅಲ್ವಾ?"

ಅವನು ರೈಫಲ್ ಮಗುಚಿ ನೋಡಿದ. ವರ್ಷಗಳಿಂದ ಕಪ್ಪಿಟ್ಟಿದ್ದ ಹಳೆಯ ಗೆರೆ ಇರಲಿಲ್ಲ. ಅದೇ ಜಾಗದಲ್ಲಿ ಹೊಸ ಗೆರೆ ಕೆಂಪಗೆ ಹೊಳೆಯುತ್ತಿತ್ತು. ಬಿಚ್ಚಿದವನಿಗೆ ಗೆರೆ ಎಳೆಯುವುದೂ ಗೊತ್ತಿತ್ತು.

ಅಷ್ಟರಲ್ಲಿ ಹೆಂಡತಿ ಒಗೆದ ಬಟ್ಟೆ ಹೊತ್ತು ಬಾಗಿಲಿಗೆ ಬಂದಳು. "ನನ್ನ ಉಗುರುಬಣ್ಣ ಎಲ್ಲಿ? ನಿನ್ನೆ ತಗೊಂಡು ಹೋದವರು ವಾಪಸ್ಸೇ ಕೊಡ್ಲಿಲ್ಲ."

"ನಾನಾ?"

ಅಂಗಿಯ ಜೇಬಿಗೆ ಕೈಹಾಕಿದರೆ ಸೀಸೆ ಸಿಕ್ಕಿತು. ಹೆಬ್ಬೆರಳಿನ ಪಕ್ಕದಲ್ಲಿ ಕೆಂಪು ಕಲೆಯಿತ್ತು. ನಿನ್ನೆಯ ದಿನವನ್ನು ಎಷ್ಟು ತಡಕಾಡಿದರೂ ಏನೂ ನೆನಪಾಗಲಿಲ್ಲ. ಮೊನ್ನೆಯಷ್ಟೇ, ವರ್ಷಗಳ ಹಿಂದೆ ಬಿಟ್ಟಿದ್ದ ಹಳೇ ಬಾಡಿಗೆ ಮನೆಗೆ ಹೋಗಿ ತನ್ನದೇ ಮನೆಯೆಂದು ಬಾಗಿಲು ತಟ್ಟಿ ಬಂದಿದ್ದ, ಆಗ ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಈಗ ಅದನ್ನು ನೆನೆದರೆ ಅವನಿಗೆ ಭಯವಾಯಿತು.

"ನಾನೇ ಮಗಳೇ," ಅಂದ. "ನಿನ್ನ ರೈಫಲ್ ಕೆಡಿಸಿದ್ದು ನಾನೇ. ನಂಗೆ ಗೊತ್ತೇ ಆಗ್ಲಿಲ್ಲ."

ಮಗಳು ಗುರಿಹಾಳೆಯನ್ನು ಮಡಚಿಟ್ಟಳು. ಆಮೇಲೆ ಅವಳ ಕಣ್ಣು ಮೂಲೆಯ ಕಬ್ಬಿಣದ ಕಪಾಟಿನತ್ತ ಹೋಯಿತು. ಆಯ್ಕೆಗೆ ಮುಂಚೆ ಒಮ್ಮೆ ನೋಡಿಕೊಡಲೆಂದು ಕ್ಲಬ್ಬಿನವರು ಅವನಿಗೆ ಒಪ್ಪಿಸಿದ್ದ, ನಾಳೆಯ ಸ್ಪರ್ಧಿಗಳೆಲ್ಲರ ರೈಫಲ್ಲುಗಳೂ ಅಲ್ಲೇ ಇದ್ದವು.

"ಅಪ್ಪ, ಬೀಗದ ಕೈ ಕೊಡು."

ಅವನು ಕೊಟ್ಟ. ಅವಳು ಬಾಗಿಲು ತೆರೆದಳು. ಸಾಲಿನಲ್ಲಿದ್ದ ಅಷ್ಟೂ ರೈಫಲ್ಲುಗಳು ಮೂತಿ ಮೇಲೆ ಮಾಡಿ ನಿಂತಿದ್ದವು, ಒಂದೊಂದರ ತಿರುಪಿನ ಮೇಲೂ ಹೊಸ ಕೆಂಪು ಗೆರೆಯಿತ್ತು.