ಗಿವ್ ಅಪ್ ಮೇಲೆ ಅವ್ವ ಬಳಿದ ಸಿಮೆಂಟು

ನಾನು ಇಂಗ್ಲಿಷ್ ಕಲಿಸುವ ಶಾಲೆಯ ಗೋಡೆಗೆ ಇವತ್ತು ಸಿಮೆಂಟು ಬಳಿಯುತ್ತಿದ್ದರು. ಆ ಹಸಿ ವಾಸನೆಗೆ ನಾವು ದುಡಿಯಲು ಹೋಗಿದ್ದ ಕೊಂಢವಾ ಬಡಾವಣೆಯ ಅರ್ಧ ಕಟ್ಟಿದ ಬಿಲ್ಡಿಂಗು ನೆನಪಾಯಿತು. ಅವ್ವ ಅಲ್ಲಿ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಕೆಲಸ ಮುಗಿಯುವವರೆಗೆ ನಮ್ಮ ವಾಸವೂ ಅಲ್ಲೇ, ಬರಿ ಇಟ್ಟಂಗಿಯ ಗೋಡೆಯೇ ನಾನು ಬರೆಯುವ ಪಾಟಿ.

"ಹುಡುಗಿನ್ನ ಶಾಲಿ ಬಿಡಸು, ಇಟ್ಟಂಗಿ ಹೊರಲಿ" ಎಂದು ಕೂಲಿಗಳ ಮೇಸ್ತ್ರಿ ಮುಕಾದಮ ಅವ್ವನಿಗೆ ಹೇಳಿಹೋದ ಸಂಜೆ, ನಾನು ಗೋಡೆಯ ಮೇಲೆ ಇದ್ದಿಲಿನಿಂದ 'ಗಿವ್ ಅಪ್' ಎಂದು ಬರೆದು ಅರ್ಥಗಳನ್ನು ಜೋರಾಗಿ ಬಾಯಿಪಾಠ ಮಾಡುತ್ತಿದ್ದೆ: ಬಿಟ್ಟುಬಿಡು, ಸೋಲೊಪ್ಪಿಕೋ, ಕೈಚೆಲ್ಲು.

ಅವ್ವ ಬುಟ್ಟಿಯಲ್ಲಿ ಉಳಿದಿದ್ದ ಸಿಮೆಂಟನ್ನು ಬರಿಗೈಯಿಂದಲೇ ಆ ಸಾಲಿನ ಮೇಲೆ ಬಳಿದಳು.

"ಇದರಾಗ ನಮಗ ಒಂದೂ ಬ್ಯಾಡ. ಮುಂದಿಂದು ಬರಿ."

ಮರುದಿನ ಮುಕಾದಮ ಬಂದಾಗ ನಾನು ಶಾಲೆಯಲ್ಲಿದ್ದೆ.

ಈಗಲೂ ಆ ಪದ ಬಂದರೆ ಮಕ್ಕಳಿಗೆ ಅರ್ಥ ಹೇಳಿ, ಬೋರ್ಡು ಒರೆಸಿ, "ಮುಂದಿನದು ಬರೀರಿ" ಎನ್ನುತ್ತೇನೆ.