ಮಾಮನ ಎಡ ಮಂಡಿ

ಇವತ್ತು ನಾಯಂಡಹಳ್ಳಿ ಮೆಟ್ರೋದಲ್ಲಿ ಯಾರೋ ಹಚ್ಚಿಕೊಂಡಿದ್ದ ನೀಲಗಿರಿ ಎಣ್ಣೆಯ ವಾಸನೆ ಬಂತು. ಸುಂಕದಕಟ್ಟೆಯ ನಮ್ಮ ಹಳೆಯ ಮನೆ ಕಣ್ಮುಂದೆ ನಿಂತಿತು.

ಅಮ್ಮನ ತಮ್ಮ ಶಿವಣ್ಣ ಮಾಮ ಕಾರ್ಖಾನೆಯೊಂದರ ಕಬಡ್ಡಿ ತಂಡದ ರೈಡರ್. ಪ್ರತಿ ಪಂದ್ಯ ಮುಗಿದ ಮೇಲೆ ಅಮ್ಮ ಅವನ ಎಡ ಮಂಡಿಗೆ ಆ ಎಣ್ಣೆ ತಿಕ್ಕುತ್ತಿದ್ದಳು. ಫೈನಲ್‌ಗೆ ಮುಂಚೆ ಮಂಡಿ ಊದಿ ತೆಂಗಿನಕಾಯಿಯಂತಾಗಿತ್ತು. ತಂಡದ ಮ್ಯಾನೇಜರ್ ಮನೆಗೇ ಬಂದರು.

"ಇದೊಂದು ಆಡ್ಬಿಡು ಶಿವಣ್ಣ, ಕೆಲ್ಸ ಪರ್ಮನೆಂಟ್ ಮಾಡಿಸ್ತೀನಿ."

"ಬೇಡ ಕಣೋ," ಎಂದಳು ಅಮ್ಮ. ಮಾಮ ನನ್ನ ಕಡೆ ನೋಡಿದ.

"ಆಡು ಮಾಮ, ನೀನೇ ಗೆಲ್ಲೋದು," ಎಂದೆ ನಾನು.

ಗೆದ್ದ. ಕೊನೆಯ ರೈಡಿನಲ್ಲಿ ಅವನು ಗೆರೆ ಮುಟ್ಟಿದಾಗ ನಾಲ್ವರು ಅವನ ಕಾಲ ಮೇಲೆ ಬಿದ್ದಿದ್ದರು. ತಂಡದವರು ಕಪ್ ಹೊತ್ತು ಕುಣಿಯುತ್ತಾ ಹೋದರು. ಮಾಮನನ್ನು ಆಟೋಗೆ ಹತ್ತಿಸಿದ್ದು ನಾನೂ ಅಮ್ಮನೂ.

ಮೂರು ತಿಂಗಳ ನಂತರ ಕುಂಟುತ್ತಾ ಹೋಗಿ ಕೆಲಸ ಕೇಳಿದಾಗ ಅದೇ ಮ್ಯಾನೇಜರ್, "ಆಡೋರಿಗೇ ಕೆಲ್ಸ ಸಾಲ್ತಿಲ್ಲ ಕಣಪ್ಪ," ಎಂದರಂತೆ. ಮಾಮನ ನಂಬರಿನ ಬನಿಯನ್ ಆಗಲೇ ಬೇರೊಬ್ಬನ ಮೈಮೇಲಿತ್ತು.

ಈಗಲೂ ಟಿವಿಯಲ್ಲಿ ಕಬಡ್ಡಿ ಬಂದರೆ ಮಾಮ ಎದ್ದು ಹೊರಗೆ ಹೋಗುತ್ತಾನೆ. ಏಳಲು ಗೋಡೆ ಹಿಡಿಯಬೇಕು. ನಾನು ಕೈ ಕೊಟ್ಟರೆ ಹಿಡಿಯುವುದಿಲ್ಲ.